ಗಾಳಿ ಸಾಹೇಬರ ಬಿಳೀ ಕಾಗದ

ನಮ್ಮ ಮನಿಯವರು ತಲಿ ಅರ್ಧ ಬೆಳ್ಳಗಾದ ಮ್ಯಾಲ ಗಾಳಿ ತೂಗೋ ವಿದ್ಯಾ ಕಲಿಯಾಕ ಹೊಂಟಾಗ ನಾ ಏನೂ ಅನ್ನಲಿಲ್ಲ. ಅನ್ನಾಕ ನನ್ನ ಮೈಯಾಗ ಕಸುವು ಉಳಿದಿರಲಿಲ್ಲ, ಅಷ್ಟೇ. ಬೆಳಿಗ್ಗೆ ಎದ್ದು ಹಿಟ್ಟು ನಾದಿ, ಖಾನಾವಳಿಗೆ ಕೊಡೋ ಜ್ವಾಳದ ರೊಟ್ಟಿ ಬಡದು ಮುಗಿಸೋತನಕ ನನ್ನ ಬಲಗೈ ರಟ್ಟಿ ನನ್ನದಲ್ಲ, ಯಾರ ಕಡಿಂದಲೋ ಕೇಳಿ ತಂದದ್ದು ಅನ್ನಿಸ್ತದ. ಅಂಥಾ ಹೊತ್ತಿಗೆ ಗಂಡ ಬಂದು, ನಾ ಪರಿಸರ ತಂತ್ರಜ್ಞ ಆಗ್ತೇನಿ ಅಂದ್ರ, ಆಗ್ರಿ ಅನ್ನೋದು ಬಿಟ್ಟು ಬ್ಯಾರೆ ಮಾತು ಬಾಯಿಗೆ ಬರಂಗಿಲ್ಲ.

ಅವರ ಹೆಸರು ದೇವೀಂದ್ರಪ್ಪ. ತೊಗರಿ ಬ್ಯಾಳಿ ಮಿಲ್ಲಿನ್ಯಾಗ ಚೀಲ ತುಂಬೋದು, ಹೊಲಿಯೋದು ನೋಡ್ಕೊಳ್ಳೋ ಸುಪರ್‌ವೈಜರ್ ಇದ್ರು. ಮಿಲ್ಲಿಗೆ ಹೊಸಾ ಮಷೀನ್ ಬಂತು. ಅದು ತಾನೇ ಚೀಲ ತುಂಬ್ತದ, ತಾನೇ ಹೊಲೀತದ, ತಾನೇ ಲಾರಿ ಕಡೆ ನೂಕ್ತದ. ನಮ್ಮವರಿಗೆ ನಿಂತು ನೋಡೋ ಕೆಲಸ ಒಂದು ಉಳಿದಿತ್ತು, ಅದಕ್ಕ ಕ್ಯಾಮೆರಾ ಹಾಕಿದ್ರು. ಮಾಲೀಕರು ಭಾಳ ಮರ್ಯಾದಿಯಿಂದ ಚಹಾ ಕುಡಿಸಿ ಮನಿಗೆ ಕಳಿಸಿದ್ರು. ಅವತ್ತಿನಿಂದ ನಮ್ಮ ಮನಿ ನಡಿಯೋದು ನನ್ನ ರಟ್ಟಿ ಮ್ಯಾಲ.

ಹಿಂಗಾಗಿ ನಾ ಒಂದೇ ಒಂದು ಕರಾರು ಮಾಡಿದ್ದೆ. ನೌಕರಿ ಸಿಕ್ಕ ದಿನ ನಾ ಹಂಚು ಬೋರಲು ಹಾಕ್ತೇನಿ, ಆಮ್ಯಾಲ ರೊಟ್ಟಿ ಅಂತ ಯಾರೂ ನನ್ನ ಹೆಸರು ಎತ್ತಬಾರದು ಅಂತ. ಅವರು ಶರಣಬಸಪ್ಪನ ಆಣಿ ಇಟ್ಟು ಒಪ್ಪಿದ್ರು. ಆಣಿ ಇಡೋದರಾಗ ನಮ್ಮವರು ಯಾವತ್ತೂ ಹಿಂದ ಬಿದ್ದವರಲ್ಲ.

ಕಲಬುರಗಿ ಸ್ಟೇಷನ್ ರಸ್ತೆದಾಗ ಒಂದು ತರಬೇತಿ ಕೇಂದ್ರ. ಕಲಿಸೋರು ಇಮಾಮುದ್ದೀನ್ ಸರ್. ಕ್ಲಾಸಿನ್ಯಾಗ ಉಳಿದವರೆಲ್ಲಾ ಮೀಸಿ ಈಗ ಮೂಡಾಕತ್ತಿದ ಹುಡುಗರು, ನಮ್ಮವರಿಗೆ ಅಂಕಲ್ ಅಂತಿದ್ರಂತ. ಅಲ್ಲಿ ನೀರು ಪರೀಕ್ಷಾ, ಸಪ್ಪಳ ಪರೀಕ್ಷಾ, ಧೂಳು ಪರೀಕ್ಷಾ ಮಾಡಾಕ ಕಲಿಸ್ತಾರ. ಕಲಿತದ್ದು ಕಲಿತಲ್ಲೇ ಬಿಟ್ಟು ಬರಬೇಕಿಲ್ಲೋ? ಇವರು ಮನಿಗೆ ಹೊತ್ಕೊಂಡು ಬರ್ತಿದ್ರು. ಒಂದಿನ ನನ್ನ ಬ್ಯಾಳಿ ಸಾರಿನ್ಯಾಗ ಬಣ್ಣದ ಕಾಗದದ ಪಟ್ಟಿ ಎದ್ದಿ, ಹುಳಿ ಜಾಸ್ತಿ ಆಗ್ಯದ ಅಂದ್ರು. ಬಾಯಿಗೆ ಹಾಕ್ಕೊಂಡ್ರ ತಿಳೀತಿತ್ತು. ಇನ್ನೊಂದಿನ ಸಪ್ಪಳ ಅಳಿಯೋ ಡಬ್ಬಿ ಹಿಡಕೊಂಡು ಅಡಗಿಮನಿ ಬಾಗಲದಾಗ ನಿಂತು, ಜನ ವಾಸ ಮಾಡೋ ಜಾಗದಾಗ ರೊಟ್ಟಿ ಬಡಿಯೋ ಸಪ್ಪಳ ಇಷ್ಟಿರಬಾರದು, ಕಾನೂನದ ಅಂತ ತಿಳಿಸಿ ಹೇಳಿದ್ರು. ಆಯ್ತು, ನಾಳಿಂದ ಸಪ್ಪಳಿಲ್ಲದಂಗ ಉಪವಾಸ ಇರ್ರಿ ಅಂದೆ. ಡಬ್ಬಿ ಬಂದ್ ಮಾಡಿ ಹೊರಗ ಹೋದ್ರು.

ಇಷ್ಟೇ ಆಗಿದ್ರ ತಡ್ಕೋತಿದ್ದೆ. ಆದ್ರ ಕೇಂದ್ರದವರು ಎಲ್ಲಾರಿಗೂ ಒಂದೊಂದು ಹಸರು ಜಾಕೆಟ್ ಕೊಟ್ರು. ಬೆನ್ನಿನ ಮ್ಯಾಲ ದೊಡ್ಡದಾಗಿ ‘ಪರಿಸರ ತಪಾಸಣೆ’ ಅಂತ ಅದ, ಕೆಳಗ ಸಣ್ಣದಾಗಿ ‘ತರಬೇತಿ ವಿದ್ಯಾರ್ಥಿ’ ಅಂತ. ನಮ್ಮವರು ಹೆಗಲಿಗೆ ಚೀಲ ಹಾಕೋವಾಗ ಬರೋಬ್ಬರಿ ಆ ಸಣ್ಣ ಸಾಲು ಮುಚ್ಚೋ ಹಂಗ ಹಾಕ್ತಿದ್ರು. ಕಲಬುರಗಿ ಬ್ಯಾಸಗಿ ಹ್ಯಾಂಗಿರ್ತದ ಅಂತ ನಿಮಗ ಹೇಳಬೇಕಿಲ್ಲ. ನಾಯಿಗಳು ಗಟಾರದಾಗ ಇಳದು ಮಲಗಿರ್ತಾವ. ಅಂಥಾದರಾಗ ಈ ಮನುಷ್ಯ ಜಾಕೆಟ್ ಹಾಕ್ಕೊಂಡು ಕೊತ್ತಂಬರಿ ತರಾಕ ಹೋಗ್ತಿದ್ರು.

ನಾವಿರೋದು ಜೇವರ್ಗಿ ಕಾಲೋನಿ ಹಿಂದಿನ ಓಣಿಯಾಗ. ಕಾಲೋನಿ ಪಗಾರದವರದು, ಓಣಿ ನಮ್ಮಂಥವರದು. ಓಣಿ ಮೂಲಿಯಾಗ ಬುರ್ಹಾನುದ್ದೀನ್ ಭಾಯಿ ಮರಳು, ಮುರುಮು ಮಾರ್ತಾರ. ಆ ಗುಡ್ಡಿ ಅರ್ಧ ಅವರ ಜಾಗದಾಗ ಅದ, ಅರ್ಧ ರಸ್ತೆ ಮ್ಯಾಲ. ಅವರು ಜಾಕೆಟ್ ನೋಡಿ ಒಂದಿನ ನಮ್ಮವರನ್ನ ನಿಲ್ಲಿಸಿ, ಏನು ಕಲಿಯಾಕತ್ತೀರಿ ಅಂತ ಕೇಳಿದ್ರು. ಗಾಳಿಯಾಗಿನ ಧೂಳು ಹಿಡೀತೇವಿ ಅಂದ್ರು ಇವರು.

"ಹಿಡದು? ಧೂಳು ಎಬ್ಬಿಸಿದವರಿಗೆ ದಂಡ ಗಿಂಡ ಹಾಕೋ ಪವರ್ ಅದ ಏನು, ಸಾಬ್?"

ಇಲ್ಲ ಅಂತ ಒಂದು ಮಾತು ಅಂದಿದ್ರ ಈ ಕಥಿ ಅಲ್ಲೇ ಮುಗೀತಿತ್ತು. ಆದ್ರ ಹುಟ್ಟಿದಾಗಿಂದ ಯಾರೂ ನಮ್ಮವರಿಗೆ ಸಾಬ್ ಅಂದಿರಲಿಲ್ಲ. ಇವರು ಕನ್ನಡಕ ತೆಗೆದು ಒರಸ್ಕೊಂಡು, ಮರಳಿನ ಗುಡ್ಡಿ ಕಡೆ ಒಂದು ನಜರ್ ಹಾಕಿ, "ಅದನ್ನ ಈಗೇ ಹೇಳಾಕ ಬರಂಗಿಲ್ಲ, ಭಾಯಿ" ಅಂದ್ರು. ಅವತ್ತು ಸಂಜಿ ಅನ್ನೋದರೊಳಗ ನಮ್ಮ ಮನಿ ಗಾಳಿ ಸಾಹೇಬರ ಮನಿ ಆಗಿತ್ತು. ನನಗ ಯಾರೂ ಗಾಳಿ ಬಾಯಿಸಾಹೇಬ್ರು ಅನ್ನಲಿಲ್ಲ, ರೊಟ್ಟಿ ಚಂದಮ್ಮನೇ ಉಳದೆ.

ಕೋರ್ಸಿನ ಕಡೀಕ ಒಂದು ಪ್ರಾಕ್ಟಿಕಲ್ ಇರ್ತದ. ಕೇಂದ್ರದವರು ಧೂಳು ಹಿಡಿಯೋ ಮಷೀನ್ ಕೊಡ್ತಾರ. ಮಷೀನ್ ಅಂದ್ರ ನಾಲ್ಕು ಕಾಲಿನ ತಗಡಿನ ಪೆಟ್ಟಿಗಿ, ಮ್ಯಾಲ ಒಂದು ಗುಡಿಸಲದಂಥಾ ಮಾಡು. ಚಾಲೂ ಮಾಡಿದ್ರ ಹಿಟ್ಟಿನ ಗಿರಣಿ ಹಂಗ ಗುಂಯ್ ಅಂತದ. ಒಳಗ ಒಂದು ಬಿಳೀ ಕಾಗದ ಇಟ್ಟಿರ್ತಾರ. ಮಷೀನ್ ಗಾಳಿ ಎಳಕೋತದ, ಧೂಳು ಕಾಗದಕ್ಕ ಹತ್ತತದ. ಒಂದು ದಿನ, ಒಂದು ರಾತ್ರಿ ಓಡಿಸಿ, ಕಾಗದ ಒಯ್ದು ಕೊಟ್ರ ಇಮಾಮುದ್ದೀನ್ ಸರ್ ತೂಕ ಮಾಡ್ತಾರ. ಕಾಗದ ಸರಿ ಬಂದ್ರ ಸರ್ಟಿಫಿಕೇಟ್, ಸರ್ಟಿಫಿಕೇಟ್ ಇದ್ರ ಯಾವುದಾದರೂ ಲ್ಯಾಬಿನ್ಯಾಗ ನೌಕರಿ. ನನ್ನ ಲೆಕ್ಕದಾಗ ಆ ಕಾಗದಕ್ಕ ಧೂಳು ಹತ್ತಿದ್ರ ನನ್ನ ರಟ್ಟಿಗೆ ಬಿಡುಗಡಿ.

ಧೂಳಿಗೇನು ಬರ ನಮ್ಮ ಓಣಿಗೆ. ಒಳಚರಂಡಿ ಪೈಪ್ ಹಾಕ್ತೇವಿ ಅಂತ ರಸ್ತೆ ಅಗದು ಹೋದವರು ತಿರುಗಿ ಬಂದಿರಲಿಲ್ಲ. ಅಂಗಳದಾಗ ಹಪ್ಪಳ ಹಾಕಿದ್ರ ಸಂಜಿಗೆ ಮುರುಮು ಹಾಕಿ ಕರದಂಗ ಆಗ್ತಿತ್ತು. ನಮ್ಮವರಿಗೆ ಆ ಧೂಳು ನೋಡಿ ಏನು ಅಭಿಮಾನ ಅಂತೀರಿ. ಕ್ಲಾಸಿನ ಪ್ರಬುದ್ಧ ಅನ್ನೋ ಹುಡುಗನ ಮನಿ ಎದುರಿಗೆ ದೊಡ್ಡ ಪಾರ್ಕ್ ಅದ, ಪಾಪ, ಅವನಿಗೆ ಏನು ಸಿಗ್ತದ ಅಂತ ಮರಗಿದ್ರು. ತರಗತಿಗೇ ಫಸ್ಟ್ ಬರ್ತೇನಿ ಅಂದ್ರು. ಮಾಳಗಿ ಮ್ಯಾಲ ಮಷೀನ್ ಏರಿಸಿ, ಚಾಲೂ ಮಾಡಿ, ಜಾಕೆಟ್ ಹಾಕ್ಕೊಂಡು ಕ್ಲಾಸಿಗೆ ಹೋದ್ರು.

ನಾ ರೊಟ್ಟಿ ಮುಗಿಸಿ ಹೊರಗ ಬಂದು ನೋಡ್ತೇನಿ, ಓಣಿ ನಮ್ಮದು ಅಂತ ಗುರ್ತೇ ಸಿಗಲಿಲ್ಲ. ಬುರ್ಹಾನುದ್ದೀನ್ ಭಾಯಿ ಮರಳಿನ ಗುಡ್ಡಿಗೆ ತಾಡಪತ್ರಿ ಹೊದಿಸಿ, ನಾಲ್ಕೂ ಮೂಲಿಗೆ ಕಲ್ಲು ಇಟ್ಟಿದ್ರು. ಟ್ಯಾಂಕರ್ ತರಿಸಿ ರಸ್ತೆ ತುಂಬಾ ನೀರು ಹೊಡಸಾಕತ್ತಿದ್ರು. ಅವರ ಹೆಂಡತಿ ಖುರ್ಷೀದ್ ಬೇಗಂ ಮೆಣಸಿನಕಾಯಿ ಕುಟ್ಟೋದು ಬಿಟ್ಟು ಹಸೀ ಗೋಣಿಚೀಲದಿಂದ ಕಟ್ಟಿ ಒರಸಾಕತ್ತಿದ್ರು. ಟ್ಯೂಷನ್ ಹೇಳೋ ಅಂಜನಾ ಟೀಚರ್, ಸೀಮೆಸುಣ್ಣದ ಪುಡಿ ಹಾರ್ತದ ಅಂತ ಬೋರ್ಡ್ ಅಳಸಲಿಲ್ಲಂತ. ಮಕ್ಕಳು ಬೆಳಗಿನಿಂದ ಸಂಜಿತನಕ ಒಂದೇ ಭಾಗಾಕಾರ ನೋಡ್ಕೊಂಡು ಕುಂತಿದ್ದುವು.

ಯಾರೋ ಮಂತ್ರಿ ಬರಾಕತ್ತಾರ ಅಂದ್ಕೊಂಡು ಖುರ್ಷೀದ್ ಬೇಗಂ ಅವರಿಗೆ ಕೇಳ್ದೆ. ಅವರು ಮಾಳಗಿ ಕಡೆ ಕಣ್ಣು ಮಾಡಿ, ಸಣ್ಣ ದನಿಯಾಗ, "ಸಾಬ್ ಮಷೀನ್ ಹಚ್ಚ್ಯಾರಲ್ಲವ್ವಾ. ನಾಳೆ ಕಾಗದದಾಗ ನಮ್ಮ ಓಣಿ ಹೊಲಸು ಅಂತ ಬಂದ್ರ ನಮ್ಮ ಇಜ್ಜತ್ ಏನು ಉಳೀತದ?" ಅಂದ್ರು. ಎಲ್ಲಾರ ಅಂಗಳ ಹಸೀ ಆಗಿ ನಮ್ಮದೊಂದೇ ಒಣಗಿ ನಿಂತ್ರ ಛಂದ ಕಾಣಂಗಿಲ್ಲ ಅಂತ ನಾನೂ ಎರಡು ಕೊಡ ನೀರು ಹೊಡದೆ. ಧೂಳು ಹತ್ತಿದ್ರೇ ಪಾಸು ಅನ್ನೋದು ಆ ಹೊತ್ತಿಗೆ ನೆನಪಿಗೇ ಬರಲಿಲ್ಲ. ನೀರು ಹೊಡಿಯೋ ಮಂದಿ ನಡುವ ನಿಂತ್ರ ಕೈ ತಾನೇ ಕೊಡಕ್ಕ ಹೋಗ್ತದ.

ಮರುದಿನ ಮಷೀನಿಂದ ಕಾಗದ ತೆಗದ್ರ ಹಾಲಿನ ಕೆನಿ ಹಂಗ ಬೆಳ್ಳಗದ. ನಮ್ಮವರು ಅದನ್ನ ಆ ಮಗ್ಗಲು ಈ ಮಗ್ಗಲು ತಿರುವಿ ನೋಡಿದ್ರು. ಬಿಸಲಿಗೆ ಹಿಡದು ನೋಡಿದ್ರು. ನನ್ನ ಮುಖ ನೋಡಿದ್ರು. ನಾ ಹಿಟ್ಟು ಸಾಣಸ್ತಿದ್ದೆ, ಅದರಾಗಿಂದು ಜರ ಕಾಗದದ ಮ್ಯಾಲ ಬಿದ್ದಿದ್ರೂ ಪಾಸ್ ಆಗ್ತಿದ್ರು. ಇಮಾಮುದ್ದೀನ್ ಸರ್ ತೂಕ ಮಾಡಿ, ಮತ್ತೊಮ್ಮೆ ತೂಕ ಮಾಡಿ, ದೇವೀಂದ್ರಪ್ಪನವರ, ಇಂಥಾ ಗಾಳಿ ಹಿಮಾಲಯದಾಗೂ ಇರಂಗಿಲ್ಲ, ಮಷೀನ್ ಚಾಲೂ ಮಾಡಿದ್ರೋ ಇಲ್ಲೋ ಅಂತ ಕೇಳಿದ್ರಂತ. ಆ ಕಾಗದ ಕಪಾಟಿನ್ಯಾಗ ಇಟ್ಕೊಂಡು, ಇನ್ನೊಂದು ಸಲ ಮಷೀನ್ ಕೊಡ್ತೇನಿ, ಅದೂ ಕೆಟ್ರ ಮುಂದಿನ ವರ್ಷ ಬರ್ರಿ ಅಂದ್ರಂತ.

ನಾ ಹೇಳ್ದೆ, ಹೋಗಿ ಓಣಿ ಮಂದಿಗೆ ಖರೇ ಹೇಳ್ರಿ, ನಾ ಸಾಹೇಬ ಅಲ್ಲ, ನನ್ನ ಕಡೆ ಯಾವ ಪವರೂ ಇಲ್ಲ, ನಾ ಇನ್ನೂ ಸಾಲಿಗೆ ಹೋಗೋನು ಅಂತ. ನೌಕರಿ ಆದ ಮ್ಯಾಲ ಹೇಳ್ತೇನಿ, ಈಗ ಹೇಳಿದ್ರ ನಗ್ತಾರ ಅಂದ್ರು. ಅದರ ಬದಲಿ ಒಂದು ಉಪಾಯ ತೆಗದ್ರು. ಮನಿ ಮನಿಗೆ ಹೋಗಿ ಕೈ ಮುಗದು, ದಯಮಾಡಿ ನೀವು ಮೊದಲು ಹ್ಯಾಂಗ ಇದ್ರಿ ಹಂಗೇ ಇರ್ರಿ, ಧೂಳು ಹಾರಿದ್ರ ಹಾರಲಿ, ನೀರು ಹೊಡೀಬ್ಯಾಡ್ರಿ ಅಂತ ಬೇಡ್ಕೊಂಡ್ರು.

ಅಧಿಕಾರಿ ತಾನೇ ಬಂದು ತಪ್ಪು ಮಾಡ್ರಿ ಅಂದ್ರ ಅದರಾಗ ಏನೋ ಮಸಲತ್ತದ ಅಂತ ತಿಳಿಯಲಾರದಷ್ಟು ದಡ್ಡರಲ್ಲ ನಮ್ಮ ಓಣಿಯವರು. ಮರುದಿನ ಬುರ್ಹಾನುದ್ದೀನ್ ಭಾಯಿ ಎರಡು ಟ್ಯಾಂಕರ್ ತರಿಸಿದ್ರು. ಸಂಜಿಗೆ ಮಿಠಾಯಿ ಡಬ್ಬಿ ತಂದು ನಮ್ಮ ಕಟ್ಟಿ ಮ್ಯಾಲ ಇಟ್ಟು, ನಾ ಬಡವ, ಗುಡ್ಡಿ ಒಳಗ ಸರಸ್ತೇನಿ, ಜರ ಟೈಮ್ ಕೊಡ್ರಿ ಅಂದ್ರು. ನಮ್ಮವರು ಸರಸಬ್ಯಾಡ್ರಿ, ಕಾಲು ಹಿಡೀತೇನಿ ಅಂದ್ರು. ಭಾಯಿ ಅಂಜಿ ಅವತ್ತೇ ಗುಡ್ಡಿ ಸರಸಿದ್ರು. ಆಚೆ ಓಣಿಯವರೊಬ್ಬರು ಬಂದು, ಒಂದು ದಿನದ ಮಟ್ಟಿಗೆ ಮಷೀನ್ ನಮ್ಮ ಷಡ್ಡಕನ ಮನಿ ಮುಂದ ಇಡಾಕ ಬರ್ತದೇನು, ಅವನು ಭಾಳ ಮೆರಿಯಾಕತ್ತಾನ ಅಂತ ಕೇಳಿ ಹೋದ್ರು. ಮಿಠಾಯಿ ಮಾತ್ರ ಛಲೋ ಇತ್ತು.

ಈ ಓಣಿಯಾಗ ಇನ್ನು ಧೂಳು ಹುಟ್ಟಂಗಿಲ್ಲ ಅಂತ ಖಾತ್ರಿ ಆದ ಮ್ಯಾಲ ನಮ್ಮವರು ಕಮಲಾಪುರಕ್ಕ ಹೋಗೋದು ಅಂತ ಮಾಡಿದ್ರು. ಕಮಲಾಪುರ ನನ್ನ ತವರು. ಅವ್ವನ ಮನಿ ದೊಡ್ಡ ರಸ್ತೆ ಮಗ್ಗಲಿಗೇ ಅದ, ಹುಮನಾಬಾದ್ ಕಡೆ ಹೋಗೋ ಲಾರಿ ಎಲ್ಲಾ ಅಂಗಳಕ್ಕ ಧೂಳು ಉಗ್ಗಿ ಹೋಗ್ತಾವ. ಅಲ್ಲಿ ಯಾರಿಗೂ ಇವರ ಸಾಹೇಬಗಿರಿ ಗೊತ್ತಿಲ್ಲ. ನಾನೂ ಬರ್ತೇನಿ ಅಂದೆ. ಧೂಳಿನ ಆಸಿಗೆ ಅಲ್ಲ. ಖಾನಾವಳಿಯವರಿಗೆ ರಜಾ ಹೇಳಾಕ ನನಗೂ ಒಂದು ನೆಪ ಬೇಕಾಗಿತ್ತು.

ಬಸ್ಸಿನ್ಯಾಗ ಕಂಡಕ್ಟರ್ ಮಷೀನ್ ನೋಡಿ ಇದು ಕೂಲರೋ ಗಿರಣಿಯೋ, ಹ್ಯಾಂಗ ಟಿಕೇಟ್ ಹರಿಯೋದು ಅಂತ ತಕರಾರು ತೆಗದ. ನಮ್ಮವರು ಗಾಳಿಯಾಗಿನ ಸಣ್ಣ ಕಣಗಳ ಬಗ್ಗೆ ಹೇಳಾಕ ಸುರು ಮಾಡಿದ್ರು. ಅವನು ನಡುವೇ ಕೂಲರ್ ಅಂತ ಟಿಕೇಟ್ ಹರದು ಕೊಟ್ಟು ಮುಂದ ಹೋದ. ಕಮಲಾಪುರ ಬರೋತನಕ ಮಷೀನಿನ ಒಂದು ಕಾಲು ನನ್ನ ತೊಡಿ ಮ್ಯಾಲೇ ಇತ್ತು.

ಅವ್ವ ಅಳಿಯಾರು ಬಂದ್ರು ಅಂತ ಹೋಳಿಗಿ ಮಾಡಿದ್ಲು. ತುಪ್ಪ ಸುರದು ಸುರದು ಬಡಿಸಿದ್ಲು. ನಮ್ಮವರು ಊಟಕ್ಕ ಕೂಡೋಕಿಂತ ಮೊದಲು ಕಟ್ಟಿ ಮ್ಯಾಲ ಮಷೀನ್ ಇಟ್ಟು ವೈರ್ ಹಚ್ಚಾಕ ಹೋದ್ರು. ಅವ್ವ ತಲಿ ಮ್ಯಾಲಿನ ಸೆರಗು ಸರಿ ಮಾಡ್ಕೊಂಡು, ಹೊಸಾ ಮಷೀನ್ ಮನಿಗೆ ಬಂದದ, ಪೂಜಾ ಇಲ್ಲದಂಗ ಚಾಲೂ ಮಾಡೋದು ಛಲೋ ಅಲ್ಲ ಅಂದ್ಲು. ಟ್ರ್ಯಾಕ್ಟರಿಗೆ ಮಾಡ್ತೇವಿ, ಫ್ರಿಜ್ಜಿಗೆ ಮಾಡ್ತೇವಿ, ಇದಕ್ಕ ಯಾಕ ಬ್ಯಾಡ? ಅತ್ತಿ ಎದುರಿಗೆ ಅಳಿಯ ಎದುರು ಮಾತಾಡಂಗಿಲ್ಲ. ಒಂದೇ ಒಂದು ಊದಿನಕಡ್ಡಿ, ಅದೂ ದೂರ ಅಂತ ಇವರು ನೆಲ ನೋಡ್ಕೋತ ಅಂದ್ರು. ಅವ್ವ ಮಷೀನಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಒಂದು ಕಡ್ಡಿ ಬೆಳಗಿದ್ಲು. ಆಮ್ಯಾಲ ಚಾಲೂ ಆಯ್ತು.

ಹೋಳಿಗಿ ತಿಂದ ಅಳಿಯ ಎಷ್ಟೊತ್ತು ಎಚ್ಚರ ಇರ್ತಾನ? ನಮ್ಮವರು ಪಡಸಾಲಿಯಾಗ ಅಡ್ಡ ಆದ್ರು. ನಾ ಒಳಗಿನ ಖೋಲಿಯಾಗ ಬಿದ್ಕೊಂಡೆ. ತವರಿನ್ಯಾಗ ನನಗ ಯಾರೂ ಒಲಿ ಮುಂದ ಕೂಡು ಅನ್ನಲಿಲ್ಲ. ಎಷ್ಟೋ ತಿಂಗಳ ಮ್ಯಾಲ ರಟ್ಟಿ ನೋವು ಮರತು, ಬಾಯಿ ತಕ್ಕೊಂಡು ಮಲಗಿದೆ. ಸುಖ ಅಂದ್ರ ಅದು, ಈಗ ನೆನೆಸಿದ್ರೂ ಕಣ್ಣಾಗ ನೀರು ಬರ್ತದ.

ಎಚ್ಚರ ಆದದ್ದು ಕೆಮ್ಮಿನಿಂದ. ಮನಿ ತುಂಬಾ ಹೊಗಿ. ಹೊರಗ ಬಂದು ನೋಡಿದ್ರ ಓಣಿ ಹೆಣ್ಣುಮಕ್ಕಳು ಸಾಲು ಹಚ್ಚಿ ನಿಂತಾರ, ಒಬ್ಬೊಬ್ಬರ ಕೈಯಾಗ ಒಂದೊಂದು ಧೂಪದ ಬಟ್ಟಲ. ಆಗಿದ್ದು ಇಷ್ಟು. ಅವ್ವ ಬೆಳಗಿದ ಊದಿನಕಡ್ಡಿ ಹೊಗಿ ಎತ್ತೆತ್ತೋ ಹೋಗಲಾರದ ಸೀದಾ ಮಷೀನಿನ ಮಾಡಿನೊಳಗ ಹೋಯಿತು. ಅವ್ವನ ಮೈ ಝುಮ್ಮ ಅಂತು. ಇನ್ನೊಂದು ಕಡ್ಡಿ ಹಚ್ಚಿ ನೋಡಿದ್ಲು, ಅದೂ ಹೋಯಿತು. ಕೆಂಡದ ಮ್ಯಾಲ ಲೋಬಾನ ಹಾಕಿದ್ಲು, ಅದನ್ನೂ ಒಂದು ಎಳಿ ಬಿಡದಂಗ ನುಂಗಿತು. ಗಾಳಿ ಎಳಕೊಳ್ಳೋದೇ ಅದರ ಕೆಲಸ ಅಂತ ಅವ್ವನಿಗೆ ಯಾರು ಹೇಳಬೇಕು? ಹೇಳೋರು ಪಡಸಾಲಿಯಾಗ ಗೊರಕಿ ಹೊಡಿಯಾಕತ್ತಿದ್ರು.

ಅವ್ವ ನನ್ನ ಕೈ ಹಿಡದು, ಕಣ್ಣೀರು ತಂದು, "ಐವತ್ತು ವರ್ಷ ದೇವರ ಮನ್ಯಾಗ ಧೂಪ ಹಾಕೀನಿ ಚಂದಮ್ಮ, ತಗೊಂಡದ್ದು ಕಂಡಿರಲಿಲ್ಲ. ಇದು ಎಷ್ಟು ಭಕ್ತಿಯಿಂದ ತಗೋತದ ನೋಡು" ಅಂದ್ಲು. ಆಕಿ ಮುಖ ನೋಡಿ ನಾನೂ ಮಷೀನಿಗೆ ಕೈ ಮುಗದೆ. ಅಷ್ಟೊತ್ತಿಗೆ ಬಾಜೂ ಮನಿಯಾಕಿ ಮಗಳ ಲಗ್ನ ಕೂಡಿ ಬರಲಿ ಅಂತ ಕೆಂಪು ಬಾಳೆಹಣ್ಣಿನ ಗೊನಿ ತಂದು ಮಷೀನ್ ಮುಂದ ಇಟ್ಲು.

ಗದ್ದಲಕ್ಕ ನಮ್ಮವರು ಎದ್ದು ಬಂದ್ರು. ಅವರಿಗೂ ಹಣಿಗೆ ವಿಭೂತಿ ಹಚ್ಚಿ, ಕಾಲಿಗೆ ಬಿದ್ರು ಮಂದಿ. ಕಾಗದ ತೆಗದು ನೋಡಿದ್ರ ನನ್ನ ರೊಟ್ಟಿ ಹಂಚಿನ ತಳ ಹಂಗ ಕರ್ರಗಾಗಿತ್ತು. ತಿರುಗಿ ಬರೋ ಬಸ್ಸಿನ್ಯಾಗ ಮಷೀನಿನ ಕಾಲು ಮತ್ತ ನನ್ನ ತೊಡಿ ಮ್ಯಾಲೇ ಇತ್ತು. ಈ ಸಲ ಅದು ಘಮಘಮ ಅಂತಿತ್ತು.

ಇಮಾಮುದ್ದೀನ್ ಸರ್ ಕರೀ ಕಾಗದ ಮೂಸಿ ನೋಡಿ ಕುರ್ಚಿಯಾಗ ಕುಂತು ಬಿಟ್ರಂತ. ಈ ಲೆಕ್ಕದಾಗ ಕಮಲಾಪುರದಾಗ ಒಬ್ಬರೂ ಬದುಕಿ ಉಳಿದಿರಬಾರದು ಅಂದ್ರಂತ. ಒಂದು ಬಿಳೀ ಬಂದದ, ಒಂದು ಕರೀ ಬಂದದ, ಎರಡೂ ಕೂಡಿಸಿ ಅರ್ಧ ಮಾಡಿದ್ರ ಹ್ಯಾಂಗ್ರಿ ಸರ್ ಅಂತ ನಮ್ಮವರು ಕೇಳಿದ್ರಂತ. ಸರ್ ನಕ್ಕು ನಕ್ಕು ಸುಸ್ತಾಗಿ, ಅಸಲಿಗೆ ಆದದ್ದೇನು ಹೇಳ್ರಿ ಅಂದಾಗ, ನಮ್ಮವರು ಜಾಕೆಟಿನಿಂದ ಹಿಡದು ಲೋಬಾನದ ತನಕ ಒಂದೂ ಬಿಡದಂಗ ಹೇಳಿದ್ರಂತ. ಕಾಗದ ಎರಡೂ ಉಪಯೋಗಿಲ್ಲ, ಆದ್ರ ಯಾಕ ಉಪಯೋಗಿಲ್ಲ ಅಂತ ನಿಮಗ ಬರೋಬ್ಬರಿ ತಿಳದದ ಅಂತ ಸರ್ ಕಡೀ ನಂಬರಿನ್ಯಾಗ ಪಾಸ್ ಮಾಡಿದ್ರು. ಆ ಮನುಷ್ಯನ ಹೊಟ್ಟಿ ತಣ್ಣಗಿರಲಿ.

ಪಾಸ್ ಆಗಿ ಎಂಟು ದಿನಕ್ಕ ಒಂದು ಖಾಸಗಿ ಲ್ಯಾಬಿನ ಮಾಲೀಕ ಹುಡುಗರನ್ನ ಆರಿಸಾಕ ಕೇಂದ್ರಕ್ಕ ಬಂದಿದ್ದನಂತ. ಕಪಾಟಿನ್ಯಾಗ ಬಿಳೀ ಕಾಗದ ಕಂಡು, ಇದು ಎಲ್ಲಿಂದು ಅಂತ ಕೇಳಿದನಂತ. ಓಣಿ ಹೆಸರು ಹೇಳಿದ್ರು. ಅವನು ಆ ಓಣಿ ನೋಡಿದವನು, ಆ ಅಗದ ರಸ್ತೆ ತಗ್ಗಿನ್ಯಾಗ ಅವನ ಕಾರು ಒಮ್ಮೆ ಸಿಕ್ಕಿಬಿದ್ದಿತ್ತು. ಆ ಓಣಿಯಾಗ ಇಂಥಾ ಕಾಗದ ತಂದವನು ಯಾರು, ಕರೀರಿ ಅಂದನಂತ. ಇಮಾಮುದ್ದೀನ್ ಸರ್ ಏನೋ ಹೇಳಾಕ ಹೋದ್ರ ಕೇಳಿಸ್ಕೊಳ್ಳಲಿಲ್ಲಂತ. ಹುಡುಗರನ್ನೆಲ್ಲಾ ಬಿಟ್ಟು ನಮ್ಮವರನ್ನ ಆರಿಸಿ, ಸೋಮವಾರ ಬರ್ರಿ ಅಂತ ಕೈ ಕುಲುಕಿ ಹೋದ.

ನಾ ಅವತ್ತೇ ಹಂಚು ತೊಳದು ಬೋರಲು ಹಾಕಿದೆ. ಖಾನಾವಳಿಗೆ ಹೋಗಿ ನಾಳಿಂದ ನನ್ನ ರೊಟ್ಟಿ ಇಲ್ಲ, ಬ್ಯಾರೆ ಯಾರನ್ನಾದ್ರೂ ನೋಡ್ಕೋರಿ ಅಂತ ಹೇಳಿ ಬಂದೆ. ರಟ್ಟಿಗೆ ಎಣ್ಣಿ ಹಚ್ಚಿಕೊಂಡು ಬಿಸಲಾಗ ಕುಂತು, ಮುಂದ ಹೋಗೋರಿಗೆಲ್ಲಾ ಕರದು ಹೇಳಿದೆ. ಸೋಮವಾರ ನಮ್ಮವರು ಹೊಂಟಾಗ ಮೊಸರು ಸಕ್ಕರಿ ಕೊಟ್ಟು ಕಳಿಸಿದೆ. ಓಣಿ ಮಂದಿ, ಸಾಹೇಬರಿಗೆ ಪ್ರಮೋಷನ್ ಆಯ್ತು ಅಂದ್ಕೊಂಡ್ರು.

ಹೋದವರು ಮಧ್ಯಾಹ್ನ ಆಗೋದರೊಳಗ ತಿರುಗಿ ಬಂದ್ರು. ಕಟ್ಟಿ ಮ್ಯಾಲ ಕುಂತ್ರು. ನೀರು ಕೊಟ್ಟೆ, ಕುಡದ್ರು. ಆಮ್ಯಾಲ ಹೇಳಿದ್ರು. ಕಮಲಾಪುರ ರಸ್ತೆ ಕಡೆ ಒಂದು ಕಲ್ಲು ಪುಡಿ ಮಾಡೋ ಕ್ರಷರ್ ಅದಂತ. ಅಲ್ಲಿ ಧೂಳು ಅಳದು ಕೊಡೋ ಕೆಲಸ ಆ ಲ್ಯಾಬಿನದು. ಸುತ್ತಲಿನ ತೊಗರಿ ಹೊಲ ಎಲ್ಲಾ ಸುಣ್ಣ ಬಳದಂಗ ಆಗ್ಯಾವಂತ, ಅಲ್ಲಿರೋ ಮಂದಿ ದಮ್ಮು ಹತ್ತಿ ಕೆಮ್ಮಾಕತ್ತಾರಂತ. ಮಾಲೀಕ ಇವರನ್ನ ಎದುರಿಗೆ ಕುಂಡ್ರಿಸ್ಕೊಂಡು, ನಿಮ್ಮ ಓಣಿಯಾಗ ತಂದಿರಲ್ಲ, ಅಂಥಾದೇ ಒಂದು ಬಿಳೀ ಕಾಗದ ಅಲ್ಲಿಂದೂ ತಂದು ಸಹಿ ಹಾಕ್ರಿ, ಹ್ಯಾಂಗ ತರ್ತೀರಿ ಅಂತ ನಾ ಕೇಳಂಗಿಲ್ಲ ಅಂದನಂತ.

"ನೀವೇನಂದ್ರಿ?"

"ಆ ಕಾಗದ ಬಿಳೀ ಆಗಾಕ ಒಂದು ಓಣಿ ಮಂದಿ ಇಡೀ ದಿನ ಸೊಂಟ ಬಗ್ಗಿಸಿ ನೀರು ಹೊಡದಾರ್ರಿ ಅಂದೆ. ಕ್ರಷರಿನವರೂ ಹೊಡೀಲಿ, ಆಗ ನಾ ಬಿಳೀ ಕಾಗದ ತಂದು ಕೊಡ್ತೇನಿ ಅಂದೆ."

"ಅದಕ್ಕ?"

"ಜಾಕೆಟ್ ನಿಮ್ಮದೋ ನಮ್ಮದೋ ಅಂತ ಕೇಳಿದ. ನಂದು ಅಂದೆ. ಹಾಕ್ಕೊಂಡು ನಡೀರಿ ಅಂದ."

ನನ್ನ ಕಣ್ಣಿಗೆ ಮೊದಲು ಕಂಡದ್ದು ಬೋರಲು ಹಾಕಿದ ಹಂಚು. ಸಿಟ್ಟು ನೆತ್ತಿಗೇರಿತು. "ಎರಡು ತಿಂಗಳು ಓಣಿಗೆಲ್ಲಾ ಸಾಹೇಬ ಅಂತ ಸುಳ್ಳು ಹೇಳ್ಕೋತ ತಿರುಗಿದ್ರಿ. ಪಗಾರ ಕೊಡೋ ಸುಳ್ಳು ಬಂದಾಗ ಬಾಯಿ ಬಿದ್ದು ಹೋಯ್ತೇನ್ರಿ?"

"ಆ ಸಾಹೇಬನ ಸುಳ್ಳಿನಿಂದ ಯಾರಿಗೂ ಕೆಮ್ಮು ಬರ್ತಿರಲಿಲ್ಲ, ಚಂದಮ್ಮ" ಅಂದ್ರು.

ನಾ ಒಳಗ ಹೋಗಿ ಅತ್ತೆ. ನೌಕರಿ ಹೋಯ್ತು ಅಂತ ಅತ್ತೆ, ರಟ್ಟಿ ನೆನೆಸ್ಕೊಂಡು ಅತ್ತೆ. ಈ ಮನುಷ್ಯ ಒಂದು ಸಲನಾದ್ರೂ ಎದಿ ಸೆಟಿಸಿ ಮಾತಾಡಿ ಬಂದಾನ, ಛಲೋ ಮಾಡ್ಯಾನ ಅಂತ ಬಾಯಿ ಬಿಟ್ಟು ಹೇಳಾಕ ಬರಲಿಲ್ಲಲ್ಲ, ಅದಕ್ಕೂ ಅತ್ತೆ. ಆಮ್ಯಾಲ ಎದ್ದು ಖಾನಾವಳಿಗೆ ಹೋಗಿ, ನಾಳಿಂದ ರೊಟ್ಟಿ ಕಳಿಸ್ತೇನಿ ಅಂತ ಹೇಳಿ ಬಂದೆ. ಬ್ಯಾರೆ ಯಾರನ್ನೂ ನೋಡಿರಲಿಲ್ಲ ಅವರು. ನನಗಿಂತ ಅವರಿಗೇ ನಮ್ಮ ಮನಿಯವರ ಸ್ವಭಾವ ಗೊತ್ತಿತ್ತು ಕಾಣ್ತದ.

ಸಂಜಿಗೆ ನಮ್ಮವರು ಬುರ್ಹಾನುದ್ದೀನ್ ಭಾಯಿ ಕಡೆ ಹೋಗಿ, ನಾ ಸಾಹೇಬ ಅಲ್ಲ, ನನಗ ಯಾವ ಪವರೂ ಇಲ್ಲ, ಕ್ರಷರಿನವರ ಪರವಾಗಿ ಸಹಿ ಹಾಕಂಗಿಲ್ಲ ಅಂದದ್ದಕ್ಕ ಇದ್ದ ನೌಕರಿನೂ ಹೋಯ್ತು ಅಂತ ಎಲ್ಲಾ ಖರೇ ಹೇಳಿದ್ರು. ಭಾಯಿಗೆ ಕೇಳಿಸಿದ್ದು ಸಹಿ ಹಾಕಂಗಿಲ್ಲ ಅಂದದ್ದು, ನೌಕರಿ ಹೋದದ್ದು, ಇಷ್ಟೇ. ಅದರ ಹಿಂದಿಂದು, ಮುಂದಿಂದು ಯಾವುದೂ ಕಿವಿಗೆ ಹೋಗಲಿಲ್ಲ. ದೊಡ್ಡ ಮಂದಿಗೆ ಬಗ್ಗಲಿಲ್ಲ ಅಂತ ನಮ್ಮ ಸಾಬರನ್ನ ಸಸ್ಪೆಂಡ್ ಮಾಡ್ಯಾರ ಅಂತ ಓಣಿ ತುಂಬಾ ಸುದ್ದಿ ಆಯ್ತು. ಖುರ್ಷೀದ್ ಬೇಗಂ ಬಂದು ನನ್ನ ತಬ್ಬಿಕೊಂಡು ಅತ್ತರು. ನಾ ಅಳೋದು ಮುಗಿಸಿ ಕುಂತಿದ್ದೆ, ಅವರ ಸಮಾಧಾನಕ್ಕ ಇನ್ನೊಂದು ಸಲ ಅತ್ತೆ.

ಐತವಾರ ಸನ್ಮಾನ ಇಟ್ಟರು. ಮರಳಿನ ಗುಡ್ಡಿ ಇದ್ದ ಜಾಗದಾಗ ಶಾಮಿಯಾನಾ. ಓಣಿ ಬಾಯಿಗೆ ಫ್ಲೆಕ್ಸ್, ಅದರಾಗ ಜಾಕೆಟ್ ಹಾಕ್ಕೊಂಡ ನಮ್ಮವರ ಫೋಟೋ, ಕೆಳಗ ‘ಪ್ರಾಮಾಣಿಕ ಅಧಿಕಾರಿ’ ಅಂತ. ಅಂಜನಾ ಟೀಚರ್ ಪ್ರಾರ್ಥನಾ ಹಾಡಿದ್ರು. ಬುರ್ಹಾನುದ್ದೀನ್ ಭಾಯಿ ಭಾಷಣ ಮಾಡಿದ್ರು. ನಮ್ಮವರಿಗೆ ಮೈಕ್ ಕೊಟ್ಟಾಗ ಅವರು, ನಾ ಅಧಿಕಾರಿ ಅಲ್ರಿ, ವಿದ್ಯಾರ್ಥಿ ಇದ್ದೆ, ಈಗ ಅದೂ ಅಲ್ಲ ಅಂದ್ರು. ಎಷ್ಟು ದೊಡ್ಡ ಮನಸು ನೋಡ್ರಿ ಅಂತ ಮಂದಿ ಚಪ್ಪಾಳಿ ತಟ್ಟಿದ್ರು. ಅವರು ಮತ್ತೊಮ್ಮೆ ಹೇಳಿದ್ರು, ಚಪ್ಪಾಳಿ ಇನ್ನೂ ಜೋರಾಯ್ತು. ಕಡೀಕ ಕೈ ಮುಗದು ಕುಂತ್ರು.

ಇದೆಲ್ಲಾ ನಾ ಕಣ್ಣಿಂದ ನೋಡಲಿಲ್ಲ, ಮೈಕಿನ್ಯಾಗ ಕೇಳಿದ್ದು. ಸನ್ಮಾನ ಅಂದ ಮ್ಯಾಲ ಓಣಿಗೆಲ್ಲಾ ಊಟ. ಊಟ ಅಂದ್ರ ರೊಟ್ಟಿ. ರೊಟ್ಟಿ ಯಾರು ಬಡೀಬೇಕು ಅನ್ನೋ ಪ್ರಶ್ನಾ ಯಾರಿಗೂ ಏಳಲಿಲ್ಲ, ನನಗೂ ಏಳಲಿಲ್ಲ. ಶಾಮಿಯಾನಾದ ಹಿಂದ ಕಲ್ಲಿನ ಒಲಿ ಹೂಡಿಕೊಂಡು ಬಡಿಯಾಕತ್ತಿದ್ದೆ. ಆಗ ಬುರ್ಹಾನುದ್ದೀನ್ ಭಾಯಿ ಮೈಕಿನ್ಯಾಗ, ಇಂಥಾ ಮನುಷ್ಯನ ಬೆನ್ನಿಗೆ ನಿಂತ ನಮ್ಮ ಚಂದಮ್ಮ ತಂಗಿ ವೇದಿಕೆ ಮ್ಯಾಲ ಬರಬೇಕು, ಅವರಿಗೂ ಶಾಲು ಹೊದಿಸ್ತೇವಿ ಅಂತ ಕರದ್ರು. ಎರಡು ಸಲ ಕರದ್ರು.

"ಹಂಚಿನ ಮ್ಯಾಲಿಂದು ಒಂದು ತೆಗದು ಬರ್ತೇನಿ, ತಡೀರಿ" ಅಂತ ನಾ ಒಲಿ ಮುಂದಿಂದೇ ಅಂದೆ.

ಮಂದಿಗೆ ಹಸಿವಾಗಿತ್ತು, ತಡೀಲಿಲ್ಲ. ನನ್ನ ಶಾಲೂ ನಮ್ಮವರಿಗೇ ಹೊದಿಸಿದ್ರಂತ, ಆ ಬಿಸಲಾಗ, ಜಾಕೆಟಿನ ಮ್ಯಾಲ.